ಗೆಣಸಿನ ಗಾಡಿಯ ಪ್ರಕಟಣೆ

ಬಾಡಿಗೆ ಕೋಣೆ, ಮೂರನೇ ಮಹಡಿ
ಹದಿನಾಲ್ಕನೇ ತಾರೀಕು, ಗುರುವಾರ, ಊಟ ಮುಗಿಸಿ

ಪ್ರೀತಿಯ ಅಪ್ಪಾ,

ಹೇಗಿದ್ದೀ? ಕಿವಿ ಹೇಗಿದೆ? ಹಡಗಿನ ಡಾಕ್ಟರು ಕೊಟ್ಟ ಹನಿಯನ್ನು ಕಿವಿಗೇ ಬಿಟ್ಟುಕೊಳ್ಳುತ್ತಿದ್ದೀ ತಾನೇ? ಹೋದ ಸಲ ಅದು ಕಿರುಗುಟ್ಟುವ ಬಾಗಿಲಿಗೆ ಬಲು ಒಳ್ಳೆಯ ಎಣ್ಣೆ ಎಂದು ನೀನು ಬರೆದಿದ್ದೆ. ಓದಿ ನಗು ಬಂತು, ಆಮೇಲೆ ನಗು ನಿಂತಿತು. ಎಂಜಿನ್ ಕೋಣೆಗೆ ಇಳಿಯುವಾಗ ಕಿವಿಗೆ ಆ ದಪ್ಪ ಮುಚ್ಚಳ ಹಾಕಿಕೋ. ಎಂಜಿನ್ ಏನು ಹೇಳುತ್ತಿದೆ ಎಂದು ಕೇಳಿಸಬೇಕಲ್ಲ ಎಂಬ ನಿನ್ನ ಹಳೆಯ ವಾದ ಬೇಡ. ನನಗೆ ಬುದ್ಧಿ ಬಂದಾಗಿನಿಂದ ಅದು ಒಂದೇ ಮಾತು ಹೇಳುತ್ತಿದೆ. ಬಲಗಿವಿಯನ್ನು ಅದಕ್ಕೆ ಕೊಟ್ಟಾಯಿತು, ಎಡಗಿವಿಯನ್ನಾದರೂ ನನಗೆ ಅಂತ ಉಳಿಸಿಕೋ. ನಾನು ಚೆನ್ನಾಗಿದ್ದೇನೆ. ನೆಗಡಿ ಹೋಯಿತು. ಮನೆ ಓನರಮ್ಮ ಕಿಟಕಿಗೆ ಕೊನೆಗೂ ಗಾಜು ಹಾಕಿಸಿದರು, ಹಾಕಿಸಿದ ಮೇಲೆ ದಿನಾ ಬಂದು ಗಾಜನ್ನು ನೋಡಿಕೊಂಡು ಹೋಗುತ್ತಾರೆ, ನನ್ನನ್ನಲ್ಲ. ಅವರು ಬಂದಾಗ ನಾನು ಎದ್ದು ನಿಲ್ಲುತ್ತೇನೆ, ಏನು ಮಾತಾಡುವುದೆಂದು ಗೊತ್ತಾಗದೆ ನಾನೂ ಗಾಜು ನೋಡುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನಬೇಡ. ನಮ್ಮಿಬ್ಬರ ಫೋನಿನ ಮಾತು ನಿನಗೆ ಗೊತ್ತೇ ಇದೆ. ನಾನು ಏನೋ ಹೇಳುತ್ತೇನೆ, ನೀನು ‘ಆಂ?’ ಎನ್ನುತ್ತೀ, ನಾನು ಅದನ್ನೇ ಇನ್ನೂ ಮೆಲ್ಲಗೆ ಹೇಳುತ್ತೇನೆ, ನೀನು ‘ಸರಿ ಸರಿ’ ಎನ್ನುತ್ತೀ, ಇಬ್ಬರೂ ಇಟ್ಟುಬಿಡುತ್ತೇವೆ. ನೆಗಡಿ ಎಂದದ್ದು ನಿನಗೆ ಅಂಗಡಿ ಎಂದು ಕೇಳಿಸಿ, ‘ಯಾವ ಅಂಗಡಿ ಇಡ್ತೀಯಾ, ಬಂಡವಾಳ ಎಲ್ಲಿಂದ?’ ಎಂದು ಗಾಬರಿಯಾಗಿ ಕಾಗದ ಬರೆದಿದ್ದೆಯಲ್ಲ. ಕೇಳದ ಕಿವಿಯ ಅಪ್ಪನಿಗೆ ಪಿಸುಗುಟ್ಟುವ ಮಗಳು ಹುಟ್ಟಿದರೆ ಅಂಚೆ ಇಲಾಖೆಯೇ ಗತಿ.

ನೀನು ಕೇಳಿರುವ ಮಾತಿಗೆ ಬರುತ್ತೇನೆ, ತಡೆ. ನಿಮ್ಮ ಕಂಪನಿಯ ಬಂದರು ಕಚೇರಿಯಲ್ಲಿ ಹಳೆಯ ಕಡತಗಳ ಕೋಣೆಗೆ ಒಬ್ಬರು ಬೇಕಾಗಿದ್ದಾರೆ, ಮ್ಯಾನೇಜರು ನನಗಾಗಿ ಆ ಕುರ್ಚಿಯನ್ನು ತಿಂಗಳ ಕೊನೆಯವರೆಗೆ ಹಿಡಿದಿಟ್ಟಿದ್ದಾರೆ, ಹೂಂ ಎಂದರೆ ಸಾಕು ಎಂದು ಬರೆದಿದ್ದೀ. ‘ಯಾರ ಹತ್ರಾನೂ ಮಾತಾಡೋ ಗೋಜಿಲ್ಲ ಪುಟ್ಟಾ, ಫೈಲುಗಳು ಎದುರು ಮಾತಾಡಲ್ಲ’ ಎಂಬ ಸಾಲನ್ನು ಓದುವಾಗ ನಿನ್ನ ಮುಖ ಕಾಣಿಸಿತು. ಹಡಗು ದಡಕ್ಕೆ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಊಟ ಮಾಡಬಹುದು ಎಂದೂ ಬರೆದಿದ್ದೀ. ಅದನ್ನು ಓದಿ ಕಾಗದವನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟೆ. ಅಮ್ಮ ಹೋದ ಮೇಲೆ ದಡದ ಹೋಟೆಲುಗಳಲ್ಲಿ ನೀನು ಗೋಡೆಗೆ ಮುಖ ಮಾಡಿ ಒಬ್ಬನೇ ಊಟ ಮಾಡುವುದು ನನಗೆ ಗೊತ್ತಿಲ್ಲವೆಂದು ತಿಳಿದಿದ್ದೀಯಾ? ಬುಧವಾರ ಸಂಜೆಯ ಹೊತ್ತಿಗೆ ನಾನು ಹೂಂ ಎಂದೇ ಬರೆಯುವವಳಿದ್ದೆ. ನಿಜವಾಗಿ. ಕಾಗದದ ಮೊದಲ ಸಾಲು ಮನಸ್ಸಿನಲ್ಲೇ ಸಿದ್ಧವಾಗಿತ್ತು.

ಯಾಕೆಂದರೆ ಅಪ್ಪಾ, ಇಲ್ಲಿ ಶಾಲೆಯಲ್ಲಿ ನನ್ನ ಪಾಡು ನಾನು ಬರೆದಷ್ಟು ಚೆನ್ನಾಗಿರಲಿಲ್ಲ. ಮಕ್ಕಳು ಒಳ್ಳೆಯವರು ಎಂದು ಬರೆದಿದ್ದೆ, ಅದು ನಿಜ. ಮೊದಮೊದಲು ಕೊನೆಯ ಸಾಲಿನವರು ಕೈಯೆತ್ತಿ ‘ಮಿಸ್, ಕೇಳಿಸ್ತಿಲ್ಲ’ ಎನ್ನುತ್ತಿದ್ದರು. ಆಮೇಲೆ ಅವರೇ ಪಾಪ ಎಂದುಕೊಂಡು ಕೈಯೆತ್ತುವುದನ್ನು ಬಿಟ್ಟರು. ಅದರಿಂದ ನನಗೆ ಹೆಚ್ಚು ನೋವಾಯಿತು. ಕ್ಲಾಸಿಗೆ ಹೋಗುವ ಮೊದಲು ಖಾಲಿ ಕೋಣೆಯಲ್ಲಿ ನಿಂತು ಗಟ್ಟಿಯಾಗಿ ಓದಿ ನೋಡುತ್ತಿದ್ದೆ, ಅಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಮುಖಗಳು ಎದುರಿಗೆ ಬಂದು ಕೂತ ಕೂಡಲೇ ಗಂಟಲಿಗೆ ಯಾರೋ ಬೀಗ ಹಾಕಿದಂತಾಗುತ್ತಿತ್ತು. ಬುಧವಾರ ಕೊನೆಯ ಗಂಟೆ ಹೊಡೆದ ಮೇಲೆ ಹೆಡ್‌ಮಿಸ್ಸು ನನ್ನನ್ನು ಕರೆಸಿದರು. ಬೈಯಲಿಲ್ಲ. ಕುರ್ಚಿ ತೋರಿಸಿ, ‘ನಿಮ್ಮ ಪಾಠ ಚೆನ್ನಾಗಿರತ್ತೆ ಅಂತ ಮೊದಲನೇ ಸಾಲಿನವರು ಹೇಳ್ತಾರೆ. ಕೊನೇ ಸಾಲಿನವರು ನೀವು ಕ್ಲಾಸಿಗೆ ಬಂದಿದ್ದೇ ಗೊತ್ತಾಗಲ್ಲ ಅಂತಾರೆ’ ಎಂದರು. ನಾನು ಏನೋ ಹೇಳಿದೆ. ಅವರು, ‘ನೋಡಿ, ಈಗ ಹೇಳಿದ್ದೂ ನಂಗೆ ಕೇಳಿಸ್ಲಿಲ್ಲ’ ಎಂದರು. ಆಮೇಲೆ ತುಂಬ ಸಮಾಧಾನದಿಂದ, ‘ನಾಳೆ ಕೊನೇ ಬೆಂಚಲ್ಲಿ ನಾನು ಕೂತಿರ್ತೀನಿ. ಕೇಳಿಸಿದ್ರೆ ನೀವು ಇರ್ತೀರಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋಬೇಕಾಗತ್ತೆ, ತಪ್ಪು ತಿಳ್ಕೋಬೇಡಿ’ ಎಂದರು. ತಪ್ಪು ತಿಳಿದುಕೊಳ್ಳಲು ಅದರಲ್ಲಿ ಏನಿದೆ ಹೇಳು. ಅವರು ಹೇಳಿದ್ದು ಸರಿಯೇ.

ಕೋಣೆಗೆ ಹೋಗಲು ಮನಸ್ಸು ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಮಕ್ಕಳ ನೋಟ್‌ಬುಕ್ಕು ತಿದ್ದಿದೆ, ತಿದ್ದಿದ್ದನ್ನೇ ಮತ್ತೆ ನೋಡಿದೆ, ಜವಾನ ಬಂದು ದೀಪ ಆರಿಸುತ್ತೇನೆಂದು ಕೆಮ್ಮಿದ ಮೇಲೆ ಎದ್ದೆ. ಹೊರಗೆ ಕತ್ತಲಾಗಿತ್ತು. ಬಸ್‌ಸ್ಟಾಪಿನ ಎದುರಿನ ರಸ್ತೆಯನ್ನು ಪೈಪು ಹಾಕಲು ಅಗೆದುಬಿಟ್ಟಿದ್ದಾರೆ, ಆಳೆತ್ತರದ ತಗಡಿನ ಹಾಳೆಗಳನ್ನು ಗೋಡೆಯಂತೆ ನಿಲ್ಲಿಸಿದ್ದಾರೆ. ಬಸ್ಸು ಬಂತು. ಕೈಯೆತ್ತಿದೆ. ನನ್ನ ಕೈ ಬಸ್ಸಿನವರಿಗೆ ಅರ್ಥವಾಗುವುದಿಲ್ಲ ಅಪ್ಪಾ, ಭುಜದವರೆಗೆ ಹೋಗಿ ನಾಚಿಕೊಂಡು ನಿಂತುಬಿಡುತ್ತದೆ, ಜಡೆ ಸರಿಮಾಡಿಕೊಳ್ಳುತ್ತಿದ್ದೇನೆ ಎಂದು ಡ್ರೈವರು ತಿಳಿಯುತ್ತಾನೆ. ಬಸ್ಸು ಹೋಯಿತು. ಮುಂದಿನದಕ್ಕೆ ಕಾಯುತ್ತ ನಿಂತೆ. ಕಡತಗಳ ಕೋಣೆ ಹೇಗಿರಬಹುದೆಂದು ಯೋಚಿಸಿದೆ. ಅಲ್ಲಿಗೆ ಬಸ್ಸಿನ ಗೋಜೂ ಇರಲಿಕ್ಕಿಲ್ಲ, ಬಂದರಿನ ಹತ್ತಿರವೇ ಕೋಣೆ ಸಿಗುತ್ತದೆ ಎಂದಿದ್ದೆಯಲ್ಲ.

ಆಗ ತಗಡಿನ ಆಚೆಯಿಂದ ಟಣ್ ಟಣ್ ಎಂಬ ಸದ್ದು. ಪೈಪಿನ ಕೆಲಸದವರಿರಬೇಕು ಎಂದುಕೊಂಡೆ. ಸದ್ದಿನ ಜೊತೆ ಸುಟ್ಟ ಗೆಣಸಿನ ವಾಸನೆಯೂ ಬಂತು. ತಗಡಿನ ಸಂದಿಯಲ್ಲಿ ಇಣುಕಿದರೆ ತಳ್ಳುಗಾಡಿ, ಅದರ ಮೇಲೆ ಕೆಂಡದ ಬಾಣಲೆ, ಕೆಂಡದಲ್ಲಿ ಹುಗಿದ ಗೆಣಸು, ಪಕ್ಕದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಇಕ್ಕಳದಿಂದ ಬಾಣಲೆಯ ಅಂಚಿಗೆ ಬಡಿಯುತ್ತಿದ್ದಾಳೆ. ನನ್ನನ್ನು ಕಂಡು ಕೈ ಬೀಸಿ ಕರೆದಳು. ಹೋದೆ. ಗೆಣಸು ಕೊಳ್ಳಲು ಕರೆದಳೆಂದು ತಿಳಿದು ಚೀಲ ತೆರೆದೆ. ಅವಳು ಗಂಟಲು ತೋರಿಸಿ ತಲೆಯಾಡಿಸಿದಳು. ಬಾಯಿ ತೆರೆದಾಗ ಬಂದದ್ದು ಮಾತಲ್ಲ, ಹರಿದ ಚೀಲದಿಂದ ಮರಳು ಸುರಿದ ಹಾಗೆ ಒಂದು ಸದ್ದು. ಕಿವಿ ಹತ್ತಿರ ಕೊಟ್ಟ ಮೇಲೆ ತಿಳಿಯಿತು. ‘ನಿನ್ನೆ ಪಕ್ಕದ್ಮನೆಯವಳ ಜೊತೆ ಜಗಳ ಕಣಮ್ಮಾ. ಗೆದ್ದೆ. ಗಂಟ್ಲು ಹೋಯ್ತು.’

ಅವಳ ಕಷ್ಟ ಇಷ್ಟು. ಗಾಡಿ ಎಂದಿನ ಜಾಗದಲ್ಲೇ ಇದೆ, ಆದರೆ ಮುಂದೆ ತಗಡು ಬಂದಿದೆ. ಆಚೆ ಹೋಗುವವರಿಗೆ ಗಾಡಿ ಕಾಣುವುದಿಲ್ಲ. ನಿನ್ನೆಯವರೆಗೆ ಕೂಗಿ ಕರೆಯುತ್ತಿದ್ದಳು, ಇಂದು ಕೂಗೂ ಇಲ್ಲ. ಇಕ್ಕಳ ಬಡಿದರೆ ಜನ ಪೈಪಿನವರು ಎಂದುಕೊಂಡು ದೂರ ಸರಿದು ಹೋಗುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಹೊಲಿಗೆ ಕಾರ್ಖಾನೆ ಬಿಡುತ್ತದೆ, ಆ ಹೆಂಗಸರೇ ಅವಳ ವ್ಯಾಪಾರ. ಕೆಂಡದಲ್ಲಿರುವುದೆಲ್ಲ ಬೆಂದಾಗಿದೆ, ಈಗ ಹೋಗದಿದ್ದರೆ ಇದ್ದಿಲು. ಇಷ್ಟನ್ನು ಹೇಳಲು ಅವಳು ಪಟ್ಟ ಪಾಡು ನೋಡಿ ನನಗೆ ನೀರು ಕುಡಿಸೋಣ ಅನ್ನಿಸಿತು. ಆಮೇಲೆ ನನ್ನ ಮೊಣಕೈ ಹಿಡಿದು ಕೇಳಿದಳು, ‘ಒಂಚೂರು ಕೂಗ್ತೀಯಾ ಮಗಾ?’

ಇಡೀ ರಸ್ತೆಯಲ್ಲಿ ಕೂಗಲು ಅವಳಿಗೆ ಸಿಕ್ಕವಳು ನಾನು. ನೀನಿದ್ದಿದ್ದರೆ ‘ಇಲ್ಲಮ್ಮಾ, ಅವಳು ಸಂಕೋಚದವಳು, ನಾನು ಕೂಗ್ತೀನಿ’ ಎಂದು ಮುಂದೆ ಬಂದುಬಿಡುತ್ತಿದ್ದೆ. ಎಷ್ಟು ಅಂಗಡಿಗಳಲ್ಲಿ, ಎಷ್ಟು ಕಚೇರಿಗಳಲ್ಲಿ ನನ್ನ ಪರವಾಗಿ ನೀನೇ ಮಾತಾಡಿದ್ದೀ. ನೀನು ಇರಲಿಲ್ಲ. ಆಗುವುದಿಲ್ಲ ಎಂದು ನಾನೇ ಹೇಳಬೇಕಿತ್ತು. ಹಾಗೆ ಹೇಳುವುದಕ್ಕೂ ಸ್ವಲ್ಪ ಗಂಟಲು ಬೇಕಲ್ಲ. ಅದು ಬರದೆ ತಲೆಯಾಡಿಸಿದೆ, ಅವಳು ಒಪ್ಪಿಗೆ ಎಂದು ತಿಳಿದಳು.

ಈಗ ನಗಬೇಡ. ಬಾಯಿ ತೆರೆದೆ. ಏನು ಕೂಗಬೇಕೆಂದು ಅವಳು ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ನಾಲ್ಕು ಜನರ ಎದುರು ಮಾತಾಡು ಎಂದರೆ ಮನೆಯ ಕನ್ನಡ ಎಲ್ಲಿಗೋ ಓಡಿಹೋಗುತ್ತದೆ, ಪುಸ್ತಕದ ಕನ್ನಡ ಬಂದು ನಿಲ್ಲುತ್ತದೆ. ‘ಈ ತಗಡಿನ ಹಿಂಭಾಗದಲ್ಲಿ ಕೆಂಡದಲ್ಲಿ ಸುಟ್ಟ ಬಿಸಿಯಾದ ರುಚಿಕರವಾದ ಗೆಣಸು ದೊರೆಯುತ್ತದೆ’ ಎಂದೆ. ವಾಕ್ಯದಲ್ಲಿ ಒಂದು ತಪ್ಪಿಲ್ಲ. ಆದರೆ ‘ದೊರೆಯುತ್ತದೆ’ ಬರುವಷ್ಟರಲ್ಲಿ ಆಚೆ ಹೋಗುತ್ತಿದ್ದವರು ತಗಡು ದಾಟಿ ಹೋಗಿಯಾಗಿತ್ತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಬೀದಿ ವ್ಯಾಪಾರಕ್ಕೆ ಎಷ್ಟು ನಷ್ಟ ಎಂದು ಯಾವ ವ್ಯಾಕರಣದ ಮೇಷ್ಟ್ರೂ ನಮಗೆ ಹೇಳಿರಲಿಲ್ಲ. ಅಷ್ಟೇ ಅಲ್ಲ, ಪಕ್ಕದಲ್ಲೇ ನಿಂತಿದ್ದ ಅವಳು, ‘ಗಂಟ್ಲು ಸರಿಮಾಡ್ಕೊಂಡ್ಯಾ? ಹೂಂ, ಈಗ ಕೂಗು’ ಎಂದಳು. ಕೂಗಿಯಾಯಿತು ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಗಂಟಲಿಗಿಂತ ನನ್ನದೇ ಹೆಚ್ಚು ಹೋಗಿದೆ ಎಂದು ಅವಳಿಗೆ ಆಗ ತಿಳಿದಿರಬೇಕು.

‘ನಿಂಗೆ ಯಾರ ಮೇಲೂ ಸಿಟ್ಟಿಲ್ವಾ?’ ಎಂದು ಕೇಳಿದಳು. ಇಲ್ಲ ಎಂದೆ. ‘ಸುಳ್ಳು. ಸಿಟ್ಟಿಲ್ದೋರು ಇಷ್ಟು ಮೆತ್ತಗೆ ಮಾತಾಡಲ್ಲ.’ ಇದೇನು ಲೆಕ್ಕವೋ ನನಗೆ ಗೊತ್ತಾಗಲಿಲ್ಲ. ಅವಳು ಜಗಳಗಂಟಿ, ಅವಳಿಗೆ ಪ್ರಪಂಚವೆಲ್ಲ ಜಗಳದ ಲೆಕ್ಕದಲ್ಲೇ ಕಾಣುತ್ತದೆ ಎಂದುಕೊಂಡೆ. ಅವಳು ಬಿಡಲಿಲ್ಲ. ಪಕ್ಕದ ಮನೆಯವಳನ್ನು ನೆನೆಸಿಕೊಂಡರೆ ತನ್ನ ಕೂಗು ಕಾರ್ಖಾನೆಯ ಗೇಟಿನವರೆಗೆ ಹೋಗುತ್ತದಂತೆ. ‘ನೀನೂ ಯಾರನ್ನಾದ್ರೂ ನೆನೆಸ್ಕೋ. ಬೈಬೇಡ, ಗೆಣಸು ಅನ್ನು, ಅಷ್ಟೇ’ ಎಂದಳು. ಕಾರ್ಖಾನೆಯ ಸೈರನ್ ಆಯಿತು. ಕೆಂಡದೊಳಗೆ ಒಂದು ಗೆಣಸು ಸೀದು ಸಿಪ್ಪೆ ಬಿರಿಯಿತು, ಅವಳು ಅದನ್ನು ನೋಡಿದ ನೋಟವನ್ನು ನನ್ನಿಂದ ನೋಡಲಾಗಲಿಲ್ಲ. ಹೆಡ್‌ಮಿಸ್ಸನ್ನು ನೆನೆಸಿಕೊಂಡೆ. ಕಣ್ಣು ಮುಚ್ಚಿ ಕೂಗಿದೆ. ಬಂದದ್ದು ಮತ್ತೆ ಪುಸ್ತಕದ ಕನ್ನಡವೇ, ಆದರೆ ಈ ಸಲ ಅದು ತಗಡಿಗೆ ಬಡಿದು ರಸ್ತೆಗೆಲ್ಲ ಹರಡಿತು. ‘ಸಾರ್ವಜನಿಕರ ಗಮನಕ್ಕೆ. ಬಿಸಿಯಾದ ಗೆಣಸು ತಗಡಿನ ಹಿಂಭಾಗದಲ್ಲಿ ದೊರೆಯುತ್ತದೆ.’

ರಸ್ತೆ ಒಂದು ಗಳಿಗೆ ನಿಂತಿತು. ಕಾರ್ಖಾನೆಯ ಕಾವಲುಗಾರ ಓಡಿಬಂದು ತಗಡಿನ ಸಂದಿಯಲ್ಲಿ ತಲೆ ಹಾಕಿ, ‘ಏನ್ರೀ, ಈ ರಸ್ತೇನೂ ಬಂದ್ ಮಾಡ್ತಿದ್ದೀರಾ?’ ಎಂದ. ಮೈಕ್ ಎಲ್ಲಿದೆ ಎಂದು ಮೇಲೆಲ್ಲ ನೋಡಿದ. ಅವನ ಹಿಂದೆಯೇ ಹೊಲಿಗೆಯ ಹೆಂಗಸರ ಗುಂಪು, ಕೊರಳಲ್ಲಿ ಇನ್ನೂ ಅಳತೆಪಟ್ಟಿ ನೇತಾಡುತ್ತಿದೆ. ಒಬ್ಬಳು, ‘ಮೇಡಂ, ಗೆಣಸು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರತ್ತೆ?’ ಎಂದಳು. ಇನ್ನೊಬ್ಬಳು, ‘ತಡವಾಗಿ ಬರ್ತಿದೆಯಂತೆ ಕಣೇ, ಅನಾನುಕೂಲಕ್ಕೆ ವಿಷಾದಿಸ್ತಾರಂತೆ’ ಎಂದಳು. ಎಲ್ಲರೂ ನಕ್ಕರು. ಗೆಣಸಿನವಳಂತೂ ಸದ್ದೇ ಇಲ್ಲದೆ ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತುಬಿಟ್ಟಳು, ಭುಜ ಮಾತ್ರ ಕುಣಿಯುತ್ತಿತ್ತು. ಬೇರೆ ಯಾವ ದಿನವಾದರೂ ಅಷ್ಟು ಜನ ನನ್ನನ್ನು ನೋಡಿ ನಕ್ಕಿದ್ದರೆ ಆ ಪೈಪಿನ ಗುಂಡಿಗೆ ಇಳಿದು ಮುಚ್ಚಿಕೊಳ್ಳುತ್ತಿದ್ದೆ. ನಿನ್ನೆ ಏನಾಯಿತೋ, ‘ಗೆಣಸು ಈಗಾಗಲೇ ಬಂದು ನಿಂತಿದೆ. ಪ್ರಯಾಣಿಕರು ಕೈ ಸುಟ್ಟುಕೊಳ್ಳದೆ ಇಳಿಸಿಕೊಳ್ಳಬೇಕಾಗಿ ವಿನಂತಿ’ ಎಂದುಬಿಟ್ಟೆ. ನಾನೇ ಹೇಳಿದೆನೋ ಬೇರೆ ಯಾರಾದರೂ ಹೇಳಿದರೋ ಎಂದು ಒಮ್ಮೆ ಹಿಂದೆ ತಿರುಗಿ ನೋಡಿದೆ.

ಆಮೇಲೆ ಅವಳು ನನ್ನನ್ನು ಬಿಡಲೇ ಇಲ್ಲ. ‘ಅದೇ ಕೂಗು, ಅದೇ ಚೆನ್ನಾಗಿದೆ’ ಎಂದು ಕೈಸನ್ನೆ. ಜನರೂ ಬಿಡಲಿಲ್ಲ. ತಗಡಿನ ಆಚೆಯಿಂದ ‘ಮೇಡಂ, ಇನ್ನೊಂದ್ಸಲ’ ಎಂದು ಕೇಳಿ, ಕೇಳಿಸಿಕೊಂಡು, ಒಳಗೆ ಬಂದು ಕೊಂಡರು. ನಾನು ಹೊಸ ಹೊಸ ಪ್ರಕಟಣೆ ಮಾಡಿದೆ. ಸಿಪ್ಪೆಯನ್ನು ಕಿಟಕಿಯಿಂದ ಹೊರಗೆ ಎಸೆಯಬಾರದು ಎಂದೆ. ಗೆಣಸು ನಿಂತಲ್ಲೇ ನಿಲ್ಲುವುದಿಲ್ಲ, ಬೇಗ ಹತ್ತಿ ಎಂದೆ. ಅವಳು ಕೆಂಡ ಕೆದಕುವುದು, ಸುಟ್ಟದ್ದನ್ನು ಹೊರಗೆಳೆದು ಬೂದಿ ಕೊಡವುವುದು, ಸೀಳಿ ಉಪ್ಪುಕಾರ ಉದುರಿಸುವುದು, ಕಾಗದದಲ್ಲಿ ಸುತ್ತುವುದು, ನಡುವೆ ನನಗೆ ಒಂದೊಂದು ತುಂಡು ಬಾಯಿಗೆ ತುರುಕುವುದು. ‘ತಿನ್ನು, ಹಸಿದ್ಹೊಟ್ಟೇಲಿ ಕೂಗಿದ್ರೆ ನನ್ನ ಹಾಗಾಗ್ತೀಯ’ ಎಂದಳು. ನಾನು ಟೀಚರೆಂದಾಗಲೀ, ನಾಳೆ ನನ್ನ ಕೆಲಸದ ಗತಿ ಏನೆಂದಾಗಲೀ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ‘ಎಲ್ಲಿ ಕೆಲ್ಸ, ರೈಲ್ವೇಲಾ?’ ಎಂದು ಮಾತ್ರ ಕೇಳಿದಳು. ಶಾಲೆಯಲ್ಲಿ ಎಂದೆ. ‘ಓ, ಗಂಟೆ ಹೊಡೀತೀಯಾ?’ ಎಂದಳು. ಹೂಂ ಎಂದುಬಿಟ್ಟೆ. ಕೊನೆಗೆ ಬಸ್ಸು ಬಂದಾಗ ಅದನ್ನು ನಾನು ನಿಲ್ಲಿಸಬೇಕಾಗಲಿಲ್ಲ, ಪ್ರಕಟಣೆ ಕೇಳಿ ಡ್ರೈವರೇ ಗೆಣಸಿಗಾಗಿ ಇಳಿದಿದ್ದ. ಅವಳು ಎರಡು ಗೆಣಸು ಸುತ್ತಿ ನನ್ನ ಚೀಲಕ್ಕೆ ಹಾಕಿ, ತಲೆಯ ಮೇಲೆ ಬೂದಿಯ ಕೈಯಿಟ್ಟು ಏನೋ ಹೇಳಿದಳು. ಕೇಳಿಸಲಿಲ್ಲ. ನಿನ್ನ ಹಾಗೆ ‘ಸರಿ ಸರಿ’ ಎಂದೆ.

ಇವತ್ತಿನ ಕ್ಲಾಸಿನ ವಿಷಯ ಕೇಳು. ಹೆಡ್‌ಮಿಸ್ಸು ಹೇಳಿದ ಹಾಗೆ ಕೊನೇ ಬೆಂಚಿನಲ್ಲಿ ಬಂದು ಕೂತರು, ಅಷ್ಟು ಚಿಕ್ಕ ಬೆಂಚಿನಲ್ಲಿ ಅವರ ಮೊಣಕಾಲು ಎಲ್ಲಿ ಹೋಯಿತೋ. ನಾನು ಶುರು ಮಾಡಿದೆ, ಧ್ವನಿ ಮೊದಲ ಸಾಲು ದಾಟಲಿಲ್ಲ. ನಿನ್ನೆ ರಾತ್ರಿ ಹೋದ ಬೀಗ ಬೆಳಗಾಗುವಷ್ಟರಲ್ಲಿ ಮತ್ತೆ ಬಂದು ಕೂತಿತ್ತು. ಹೆಡ್‌ಮಿಸ್ಸು ಕಿವಿಯ ಹಿಂದೆ ಕೈಯಿಟ್ಟುಕೊಂಡರು. ಅದೇ ನೀನು ಮಾಡುವ ಹಾಗೆ. ಬೋರ್ಡಿನ ಕಡೆ ತಿರುಗಿದೆ. ವಿಭಕ್ತಿಯ ಪಾಠ. ಪುಸ್ತಕದಲ್ಲಿ ಉದಾಹರಣೆಗೆ ‘ಮರ’ ಎಂದು ಕೊಟ್ಟಿದ್ದಾರೆ. ನನ್ನ ಬೆರಳಲ್ಲಿ ಇನ್ನೂ ಹೊಗೆಯ ವಾಸನೆ ಇತ್ತು. ಮರ ಎಂದು ಬರೆದದ್ದನ್ನು ಅಳಿಸಿ ‘ಗೆಣಸು’ ಎಂದು ಬರೆದೆ. ತಿರುಗಿ ನಿಂತು, ‘ಕೊನೆಯ ಸಾಲಿನ ಪ್ರಯಾಣಿಕರ ಗಮನಕ್ಕೆ’ ಎಂದೆ. ನಿನಗೆ ಸುಳ್ಳು ಹೇಳುವುದಿಲ್ಲ, ‘ಗಮನಕ್ಕೆ’ ಹೇಳುವಾಗ ಧ್ವನಿ ಒಡೆಯಿತು. ಆದರೆ ಒಡೆದ ಧ್ವನಿಯೇ ಗೋಡೆಗೆ ಹೋಗಿ ಮುಟ್ಟಿತು. ಕೊನೆಯ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು. ಗೆಣಸು, ಗೆಣಸನ್ನು, ಗೆಣಸಿನಿಂದ, ಗೆಣಸಿಗೆ. ಮಕ್ಕಳು ಜೊತೆಗೂಡಿದರು. ಗೆಣಸಿನ ದೆಸೆಯಿಂದ ಎಂಬಲ್ಲಿಗೆ ಬಂದಾಗ ನನಗೇ ನಗು ಬಂತು, ಯಾಕೆಂದರೆ ಅದರ ದೆಸೆಯಿಂದಲೇ ಅಲ್ಲವೇ ನಾನು ನಿಂತಿದ್ದದ್ದು. ಕೊನೆಗೆ ಸಂಬೋಧನೆ, ಗೆಣಸೇ. ಒಬ್ಬ ಎದ್ದು, ‘ಮಿಸ್, ಗೆಣಸನ್ನ ಯಾರಾದ್ರೂ ಕರೀತಾರಾ?’ ಎಂದ. ನಾನು ನಿನ್ನೆ ರಾತ್ರಿ ಕರೆದೆ ಎಂದೆ. ಆಮೇಲೆ ಕೇಳಬೇಡ, ಆ ಗಲಾಟೆಯಲ್ಲಿ ನನ್ನ ಧ್ವನಿ ಎಲ್ಲರಿಗಿಂತ ಮೇಲೆ ಇತ್ತು.

ಹೆಡ್‌ಮಿಸ್ಸು ಬೆಂಚಿನಿಂದ ಕಷ್ಟಪಟ್ಟು ಎದ್ದು ಹೊರಗೆ ಬಂದರು. ‘ಕೇಳಿಸ್ತು. ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರಿಗೂ ಕೇಳಿಸಿದೆ, ದೂರು ಕೊಟ್ಟಿದ್ದಾರೆ’ ಎಂದರು. ‘ಕೊನೇ ಸಾಲಲ್ಲಿ ಇಬ್ರು ಇನ್ನೂ ನಿದ್ದೆ ಮಾಡ್ತಿದ್ರು. ಮೊದ್ಲು ಕೇಳಿಸ್ದೆ ಮಾಡ್ತಿದ್ರು, ಈಗ ಕೇಳಿಸ್ಕೊಂಡೇ ಮಾಡ್ತಾರೆ. ಅದು ಎಲ್ಲ ಮೇಷ್ಟ್ರಿಗೂ ಇದ್ದದ್ದೇ. ವರ್ಷ ಮುಗಿಯೋವರೆಗೂ ಇರಿ, ಮುಂದಿಂದು ಮುಂದೆ ನೋಡೋಣ.’ ಅಷ್ಟೇ. ಕಾಯಂ ಆಗಲಿಲ್ಲ, ಬಿಡಿಸಲೂ ಇಲ್ಲ. ಸ್ಟಾಫ್ ರೂಮಿಗೆ ಹೋಗಿ ಒಂದು ಲೋಟ ನೀರು ಕುಡಿದೆ. ಗಂಟಲು ಉರಿಯುತ್ತಿತ್ತು. ಆ ಉರಿ ಎಷ್ಟು ಹಿತವಾಗಿತ್ತೆಂದರೆ ಎರಡನೇ ಲೋಟ ಕುಡಿಯಲಿಲ್ಲ.

ಸಂಜೆ ಗಾಡಿಯ ಹತ್ತಿರ ಹೋದೆ. ಅವಳ ಗಂಟಲು ಅರ್ಧ ಮರಳಿತ್ತು. ಅವಳ ಸ್ವಂತ ಕೂಗನ್ನು ಮೊದಲ ಸಲ ಕೇಳಿದೆ. ‘ಣ್ಸೋ’ ಎಂದಷ್ಟೇ. ಮೊದಲ ಅಕ್ಷರಗಳನ್ನೆಲ್ಲ ನುಂಗಿಬಿಟ್ಟಿದ್ದಾಳೆ, ಆದರೂ ಗೆಣಸೇ ಎಂದು ಎಲ್ಲರಿಗೂ ತಿಳಿಯುತ್ತದೆ. ನನ್ನನ್ನು ಕಂಡು ಮುಖ ಗಂಟು ಹಾಕಿಕೊಂಡಳು. ‘ಬಾ ತಾಯಿ, ನೀನು ಮಾಡಿಟ್ಟು ಹೋದ ಕೆಲ್ಸ ನೋಡು. ಆ ಹುಡ್ಗೀರು ಗಮನಕ್ಕೆ ಅನ್ನು ಗಮನಕ್ಕೆ ಅನ್ನು ಅಂತ ನನ್ ಪ್ರಾಣ ತಿಂತಾವೆ. ನಂಗೆ ಅದು ಬಾಯಿಗೆ ಬರಲ್ಲ, ಗಮ್ನ ಗಮ್ನ ಅಂತೀನಿ, ಅದಕ್ಕೂ ನಗ್ತಾವೆ.’ ನಾನು ನಿಮ್ಮಿಂದ ತುಂಬ ಉಪಕಾರವಾಯಿತು ಎಂದೆ. ಯಾಕೆ, ಏನು ಎಂದು ಹೇಳೋಣವೆಂದು ಶುರು ಮಾಡಿದೆ, ಶಾಲೆ, ಕೊನೇ ಬೆಂಚು ಎಂದೆ. ಅವಳು ಅರ್ಧ ಕೇಳಿಸಿಕೊಂಡು, ‘ಕೂಗಿದ್ದು ನೀನು, ಮಾರಿದ್ದು ನಾನು, ಉಪಕಾರ ಯಾರದ್ದೋ ಬಿಡು. ಆ ಬುಟ್ಟಿ ಇತ್ಲಾಗೆ ತಳ್ಳು’ ಎಂದಳು. ಬುಟ್ಟಿ ತಳ್ಳಿದೆ. ಬುಟ್ಟಿಯಲ್ಲಿದ್ದ ಹಸಿ ಗೆಣಸಿಗೆ ಇನ್ನೂ ಮಣ್ಣು ಮೆತ್ತಿತ್ತು. ಅವಳ ಜೊತೆ ಕೂತು ಅದನ್ನು ಒರೆಸಿಕೊಟ್ಟೆ. ಯಾರೋ ಅಪರಿಚಿತರ ಪಕ್ಕದಲ್ಲಿ ಏನು ಮಾತಾಡಲಿ ಎಂದು ಒದ್ದಾಡದೆ ನಾನು ಅಷ್ಟು ಹೊತ್ತು ಕೂತದ್ದು ಇದೇ ಮೊದಲು. ಈ ಊರಿನಲ್ಲಿ ನನಗೆ ಒಬ್ಬಳು ಸಿಕ್ಕಿದಳು ಅಪ್ಪಾ, ಅದನ್ನು ನಿನಗೆ ಹೇಳಬೇಕೆಂದೇ ಇಷ್ಟು ಉದ್ದ ಬರೆದದ್ದು.

ಓನರಮ್ಮ ಕೆಳಗಿನಿಂದ ದೀಪ ಆರಿಸು ಎಂದು ಗೋಡೆ ತಟ್ಟುತ್ತಿದ್ದಾರೆ. ಕಾಗದವೂ ಅಂಚಿಗೆ ಬಂತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಹಡಗಿನ ಅಡುಗೆಯವನಿಗೆ, ನಿನ್ನ ಜೊತೆ ಇಸ್ಪೀಟು ಆಡುವ ಆ ವೈರ್‌ಲೆಸ್ ಮಾವನಿಗೆ ನನ್ನ ನಮಸ್ಕಾರ ಹೇಳು. ಸಮುದ್ರ ನಿನ್ನನ್ನು ಮೆಲ್ಲಗೆ ನಡೆಸಿಕೊಳ್ಳಲಿ. ಅಲ್ಲಿಂದಲೇ ನನ್ನ ತಲೆ ಸವರಿ ಹರಸು.

ನಿನ್ನ ಮಗಳು,
ಪಿಸು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಏಳಲಿಲ್ಲ. ದೀಪ ಆರಿಸಿ ಮಲಗಿದವಳು ಮತ್ತೆ ಎದ್ದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಗಾಡಿಯ ಪಕ್ಕ ಕಣ್ಣು ಮುಚ್ಚಿ ಹೆಡ್‌ಮಿಸ್ಸನ್ನು ನೆನೆಸಿಕೊಂಡೆ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಅವರ ಮೇಲೆ ನನಗೇನು ಸಿಟ್ಟು. ನೆನಪಾದದ್ದು ನೀನು. ನಾಲ್ಕನೇ ಕ್ಲಾಸಿನಲ್ಲಿ ಶಾಲೆಯ ನಾಟಕದಲ್ಲಿ ನನ್ನನ್ನು ಕೋಟೆಯ ಕಾವಲುಗಾರ ಮಾಡಿದ್ದರು. ‘ಯಾರದು, ಅಲ್ಲೇ ನಿಲ್ಲು’ ಎಂದು ಒಂದೇ ಮಾತು. ರಜೆಯಲ್ಲಿ ಬಂದಿದ್ದ ನೀನು ಟೀಚರ ಹತ್ತಿರ ಹೋಗಿ, ‘ನನ್ನ ಮಗು ಹೆದರ್ಕೊಳ್ಳತ್ತೆ, ಬಿಟ್ಬಿಡಿ’ ಎಂದು ಹೇಳಿ ನನ್ನನ್ನು ಬಿಡಿಸಿಕೊಂಡು ಬಂದೆ. ದಾರಿಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡಿದ್ದೆ. ಹೆದರಿದ್ದೆ, ನಿಜ. ಆದರೆ ಆ ಮಾತನ್ನು ಹೇಳಬೇಕೆಂದೂ ಇತ್ತು, ಬಚ್ಚಲಮನೆಯಲ್ಲಿ ದಿನಾ ಹೇಳಿ ನೋಡುತ್ತಿದ್ದೆ. ನಿನ್ನ ಮೇಲೆ ನನಗೆ ಸಿಟ್ಟಿತ್ತೆಂದು ನನಗೇ ನಿನ್ನೆ ತಿಳಿದದ್ದು. ಕೂಗಿದ ಮೇಲೆ ಅದು ಕರಗಿತು, ನಿನ್ನ ಮೇಲಿನ ಪ್ರೀತಿಗೆ ಏನೂ ಆಗಿಲ್ಲ. ಆ ಕುರ್ಚಿಯನ್ನು ಬೇರೆ ಯಾರಿಗಾದರೂ ಕೊಡಲು ಮ್ಯಾನೇಜರಿಗೆ ಹೇಳಿಬಿಡು. ರಜೆಯಲ್ಲಿ ಊಟಕ್ಕೆ ಬರುತ್ತೇನೆ ಅಪ್ಪಾ, ಎರಡು ತಟ್ಟೆ ಹಾಕಿಸು. ಕೆಲಸಕ್ಕೆ ಬರುವುದಿಲ್ಲ.